ಡಿಫೆಂಡರ್ ಆಗಿದ್ದವನು ಕೋಚಿಂಗ್ ಲೈಸೆನ್ಸ್ ಪಡೆದ ದಾರಿ

ಹೋದ ವಾರ ಫುಟ್‌ಬಾಲ್ ಕೋಚಿಂಗ್‌ನ ಸಿ ಲೈಸೆನ್ಸ್ ಫಲಿತಾಂಶ ಬಂತು. ಪಾಸಾಗಿದ್ದೇನೆ. ಬೆಂಗಳೂರು ಲೀಗ್‌ನಲ್ಲಿ ವರ್ಷಗಟ್ಟಲೆ ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್) ಆಡಿ, ಮಂಡಿ ಕೈಕೊಟ್ಟ ಮೇಲೆ ಕೋಚಿಂಗ್ ಕಡೆ ಹೊರಳಿದವನು ನಾನು. ಸುದ್ದಿ ಹರಡಿದಾಗಿನಿಂದ ಆಟ ಬಿಟ್ಟ ಗೆಳೆಯರೆಲ್ಲ ಫೋನ್ ಮಾಡಿ ಕೇಳುತ್ತಿರುವುದು ಒಂದೇ: "ಮಗಾ, ಈ ಲೈಸೆನ್ಸ್ ಮಾಡೋದು ಹೇಗೆ? ಇಷ್ಟು ವರ್ಷ ಆಡಿದೀವಲ್ಲ, ನಮಗೆ ಸುಲಭ ತಾನೆ?" ಸುಲಭವಲ್ಲ. ಆದರೆ ಕಷ್ಟ ಎಲ್ಲೆಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ತುಂಬಾ ಸಮಯ, ದುಡ್ಡು, ಸಂಕಟ ಉಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಡಲು ಶುರು ಮಾಡಿದ ಕಾಲಕ್ಕೆ ಸರ್ಕಾರಿ ಇಲಾಖೆ, ಕಾರ್ಖಾನೆಗಳು ನಡೆಸುವ ಡಿಪಾರ್ಟ್‌ಮೆಂಟ್ ತಂಡಗಳಿಗೆ ಇನ್ನೂ ಜೀವ ಇತ್ತು. ಎಚ್‌ಎಎಲ್ 2010-11ರಲ್ಲಿ ಐ-ಲೀಗ್ ಆಡಿತ್ತು, ಆಗ ಅದೇ ದೇಶದ ಅತಿ ದೊಡ್ಡ ಲೀಗ್. ಆಸ್ಟಿನ್ ಟೌನ್, ಗೌತಮಪುರದ ಹುಡುಗರ ಮನೆಗಳಲ್ಲಿ ಇಂಥ ಯಾವುದಾದರೂ ತಂಡದಲ್ಲಿ ಜಾಗ ಸಿಕ್ಕರೆ ಹುಡುಗನ ಬದುಕು ದಡ ಸೇರಿತು ಅಂತಿದ್ದರು. ನನಗೆ ಸಿಕ್ಕಿದ್ದು ಇನ್ನೂ ಚಿಕ್ಕ ತಂಡ. ತಿಂಗಳಿಗಿಷ್ಟು ಅಂತ ಸ್ಟೈಪೆಂಡ್, ಪಂದ್ಯದ ದಿನ ಊಟ, 'ಮುಂದೆ ಕಾಯಂ ಮಾಡ್ತೀವಿ' ಅನ್ನೋ ಮಾತು. ಕಾಯಂ ಆದೇಶ ಬರಲೇ ಇಲ್ಲ. ಅಷ್ಟರಲ್ಲಿ ಒಂದು ಪಂದ್ಯದಲ್ಲಿ ಹೆಡ್ ಮಾಡಿ ಕೆಳಗಿಳಿಯುವಾಗ ಎಡ ಮಂಡಿ ತಿರುಚಿ ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು) ಹರಿಯಿತು. ಆಪರೇಷನ್ ಆಯಿತು, ಫಿಸಿಯೋಥೆರಪಿ ಆಯಿತು, ಮೈದಾನಕ್ಕೆ ವಾಪಸ್ಸೂ ಬಂದೆ. ಆದರೆ ಮೊದಲ ಎರಡು ಹೆಜ್ಜೆಯ ಬಿರುಸು ಮರಳಲಿಲ್ಲ. ಡಿಫೆಂಡರ್‌ಗೆ ಆ ಎರಡು ಹೆಜ್ಜೆ ಇಲ್ಲದಿದ್ದರೆ ಎದುರಿನ ಫಾರ್ವರ್ಡ್‌ಗೆ ಅದು ಮೊದಲ ಐದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನೊಂದು ಕಡೆ ಊರಿನ ಫುಟ್‌ಬಾಲ್ ಬೇರೆ ರೂಪ ತಾಳುತ್ತಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಅಶೋಕನಗರದ ನಮ್ಮದೇ ಸ್ಟೇಡಿಯಂನಲ್ಲಿ ಆಡಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಅದಾದ ಮೇಲೆ ಮಕ್ಕಳನ್ನು ಫುಟ್‌ಬಾಲ್‌ಗೆ ಕಳಿಸೋ ಅಪ್ಪ-ಅಮ್ಮಂದಿರು ಹೆಚ್ಚಾದರು. ಸರ್ಜಾಪುರ ರಸ್ತೆ, ಎಚ್‌ಎಸ್‌ಆರ್ ಲೇಔಟ್ ಕಡೆ ಟರ್ಫ್‌ಗಳು, ಅಕಾಡೆಮಿಗಳು ಎದ್ದವು. ಅಂಥದೊಂದು ಅಕಾಡೆಮಿಗೆ ಕೆಲಸ ಕೇಳಿಕೊಂಡು ಹೋದೆ. ಹಳೇ ಪಂದ್ಯಗಳ ಪೇಪರ್ ಕಟಿಂಗ್ ಒಂದು ಕವರ್ ತುಂಬಾ ಒಯ್ದಿದ್ದೆ. ಅಲ್ಲಿದ್ದವರು ಮರ್ಯಾದೆಯಿಂದ ನೋಡಿ, ವಾಪಸ್ ಕೊಟ್ಟು ಕೇಳಿದರು: "ಸರ್, ಡಿ ಲೈಸೆನ್ಸ್ ಇದೆಯಾ?"

ಮೆಟ್ಟಿಲುಗಳು ಹೀಗಿವೆ. ಕೆಳಗೆ ಮಕ್ಕಳ ಫುಟ್‌ಬಾಲ್‌ಗೆ ಸಂಬಂಧಿಸಿದ ಆರಂಭಿಕ ಕೋರ್ಸ್, ಆಮೇಲೆ ಡಿ, ಸಿ, ಬಿ, ಎ, ಎಲ್ಲಕ್ಕಿಂತ ಮೇಲೆ ಪ್ರೊ. ಡಿ ಲೈಸೆನ್ಸನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುತ್ತದೆ, ಕೋರ್ಸ್ ನಡೆಯುವುದು ಹೆಚ್ಚಾಗಿ ರಾಜ್ಯ ಸಂಸ್ಥೆಯ ಆಶ್ರಯದಲ್ಲಿ. ಸಿ ಇಂದ ಮೇಲಕ್ಕೆ ಏಷ್ಯನ್ ಫುಟ್‌ಬಾಲ್ ಕಾನ್‌ಫೆಡರೇಷನ್ನಿನ ಮುದ್ರೆ ಬೀಳುತ್ತದೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡದ ಮುಖ್ಯ ಕೋಚ್ ಆಗಬೇಕೆಂದರೆ ಪ್ರೊ ಬೇಕು. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಬೇರೆಯೇ ದಾರಿ. ಸರ್ಕಾರಿ ಕೋಚ್ ಹುದ್ದೆಗಳ ಜಾಹೀರಾತಿನಲ್ಲಿ ಅದನ್ನು ಕೇಳುವುದುಂಟು, ಕ್ಲಬ್ ಮತ್ತು ಅಕಾಡೆಮಿಗಳು ಲೈಸೆನ್ಸ್ ಕೇಳುತ್ತವೆ. ನಿಮಗೆ ಬೇಕಿರುವುದು ಯಾವ ಕೆಲಸ ಅಂತ ಗಟ್ಟಿ ಮಾಡಿಕೊಂಡು ದಾರಿ ಆರಿಸಿ. ಎರಡಕ್ಕೂ ಒಟ್ಟಿಗೆ ಕೈ ಹಾಕುವಷ್ಟು ದುಡ್ಡು ನಮ್ಮಂಥವರ ಹತ್ತಿರ ಇರುವುದಿಲ್ಲ.

ಆಟಕ್ಕಿಂತ ಮೊದಲು ಕಾಗದ. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಜೊತೆ ಅರ್ಜಿ ಹಾಕಲು ಹೊರಟಿದ್ದ ಇಬ್ಬರು ಹಳೇ ಆಟಗಾರರು ಇಲ್ಲೇ ಬೇಸತ್ತು ಕೈಬಿಟ್ಟರು.

ಮೊದಲನೇ ತೊಡಕು ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು ಸೇರಿಸಿದ್ದಾರೆ. ಲೀಗ್ ನೋಂದಣಿಯ ಹಳೇ ಚೀಟಿಗಳಲ್ಲಿ ಮೈದಾನದಲ್ಲಿ ಎಲ್ಲರೂ ಕರೆಯೋ ಹೆಸರೇ ಇದೆ. ಮೂರೂ ನಾನೇ, ಆದರೆ ಕಂಪ್ಯೂಟರ್ ಕಣ್ಣಿಗೆ ಮೂರು ಜನ. ಅರ್ಜಿಯಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು ಇದ್ದರೆ ಪರಿಶೀಲನೆಯಲ್ಲಿ ನಿಂತುಹೋಗುತ್ತದೆ. ಇ-ಸ್ಟಾಂಪ್ ಕಾಗದದ ಮೇಲೆ 'ಈ ಮೂರೂ ಹೆಸರಿನ ವ್ಯಕ್ತಿ ಒಬ್ಬನೇ' ಅಂತ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿದೆ. ಖರ್ಚು ದೊಡ್ಡದಲ್ಲ. ಆದರೆ ಅದನ್ನು ಅರ್ಜಿ ಕರೆದ ಮೇಲೆ ಮಾಡಿಸಲು ಹೋದರೆ ಕೊನೇ ದಿನಾಂಕ ದಾಟುತ್ತದೆ. ಈಗಲೇ ಮಾಡಿಸಿಟ್ಟುಕೊಳ್ಳಿ.

ಎರಡನೆಯದು ಆಡಿದ್ದಕ್ಕೆ ಪುರಾವೆ. ಕೆಳ ಹಂತಕ್ಕೆ ಇದು ಕಡ್ಡಾಯ ಅಲ್ಲದಿದ್ದರೂ, ಸೀಟು ಕಡಿಮೆ ಇದ್ದು ಅರ್ಜಿ ಜಾಸ್ತಿ ಇರುವಾಗ ಆಡಿದ ಅನುಭವದ ಪತ್ರ ಕೈಯಲ್ಲಿದ್ದರೆ ಬಲ. ನಾನು ಆಡಿದ ತಂಡದ ಕ್ರೀಡಾ ವಿಭಾಗ ಮುಚ್ಚಿಹೋಗಿತ್ತು. ಕಚೇರಿಗೆ ಹೋದರೆ ನನ್ನ ಫೈಲ್ ಯಾರ ಬಳಿ ಇದೆ ಅಂತ ಹೇಳುವವರೇ ಇರಲಿಲ್ಲ. ಒಬ್ಬರು ಇನ್ನೊಂದು ವಿಭಾಗಕ್ಕೆ ಕಳಿಸಿದರು, ಅಲ್ಲಿಂದ ಮತ್ತೆ ಮೊದಲಿನ ಕಡೆಗೇ. ತಂಡಕ್ಕಾಗಿ ಅಷ್ಟು ವರ್ಷ ಒದೆ ತಿಂದ ಜಾಗದಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವುದು ಆವತ್ತು ತುಂಬಾ ನೋಯಿಸಿತು. ಕೊನೆಗೆ ನಿವೃತ್ತರಾಗಿದ್ದ ನಮ್ಮ ಮ್ಯಾನೇಜರ್ ಮನೆ ಹುಡುಕಿಕೊಂಡು ಹೋದೆ. "ಯಾಕಪ್ಪಾ ಮೊದಲೇ ಬರಲಿಲ್ಲ?" ಅಂದರು. ಟ್ರಂಕಿನಿಂದ ಹಳೇ ತಂಡದ ಪಟ್ಟಿಗಳು, ಗುಂಪು ಫೋಟೊ ತೆಗೆದರು. ಪ್ರತಿ ಸೀಸನ್ನಿನ ಪಟ್ಟಿಯನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಮೇಲೆ ವರ್ಷ ಬರೆದು ಇಟ್ಟಿದ್ದರು. ಅವುಗಳ ನಕಲು ತೋರಿಸಿದ ಮೇಲೆಯೇ ಅನುಭವ ಪತ್ರ ಸಿಕ್ಕಿದ್ದು. ಈಗಲೂ ಆಡುತ್ತಿರುವ ಹುಡುಗರೇ, ಸೀಸನ್ ಮುಗಿದಾಗಲೆಲ್ಲ ಲೆಟರ್‌ಹೆಡ್ ಮೇಲೆ ಒಂದು ಪತ್ರ ಕೇಳಿ ಇಸಿದುಕೊಳ್ಳಿ. ನಾಚಿಕೊಳ್ಳಬೇಡಿ.

ಮೂರನೆಯದು ವೈದ್ಯಕೀಯ ಪತ್ರ. ಕೋರ್ಸ್‌ನಲ್ಲಿ ಬೆಳಿಗ್ಗೆ ನೀವು ಕೋಚ್ ಆದರೆ, ಉಳಿದವರ ಸೆಷನ್‌ಗಳಲ್ಲಿ ನೀವೇ ಆಟಗಾರ. ಓಡಲೇಬೇಕು. ಆಪರೇಷನ್ ಆದ ಮಂಡಿ ಅಂತ ಡಾಕ್ಟರ್ ಸಹಿ ಹಾಕಲು ಹಿಂಜರಿದರು. ಹಳೇ ಎಂಆರ್‌ಐ, ಫಿಸಿಯೋ ವರದಿ ನೋಡಿ, ಕೂರಿಸಿ ಏಳಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ ಆಮೇಲೆ ಬರೆದುಕೊಟ್ಟರು. ಗಾಯದ ಇತಿಹಾಸ ಇರುವವರು ಒಂದೆರಡು ತಿಂಗಳು ಮೊದಲೇ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳುವ ವ್ಯಾಯಾಮ ಶುರು ಮಾಡಿ. ನನ್ನ ಬ್ಯಾಚಿನಲ್ಲಿ ಇಬ್ಬರು ಕೋರ್ಸ್ ಮಧ್ಯದಲ್ಲೇ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಕೂತರು.

ಆಮೇಲೆ ಕಾಯುವುದು. ಪ್ರಕಟಣೆ ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ, ಬಂದಾಗ ಸೀಟುಗಳು ಬೇಗ ತುಂಬುತ್ತವೆ. ನಮ್ಮ ಬ್ಯಾಚಿಗೆ 24 ಜನ ಮಾತ್ರ. ಬೆಂಗಳೂರಿನಲ್ಲಿ ಸಿಗದಿದ್ದರೆ ಪಕ್ಕದ ರಾಜ್ಯದಲ್ಲಿ ನಡೆಯುವ ಕೋರ್ಸ್‌ಗೂ ಅರ್ಜಿ ಹಾಕಬಹುದು. ಆದರೆ ರೂಮು, ಊಟ, ರೈಲು ಖರ್ಚು ಸೇರಿ ಕೋರ್ಸ್ ಶುಲ್ಕದಷ್ಟೇ ಮತ್ತೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಮನೆ ನಡೆದದ್ದು ನನ್ನ ಹೆಂಡತಿಯ ಸಂಬಳದಲ್ಲಿ. "ರೀ, ಶುರು ಮಾಡಿದ್ದೀರಿ, ಮುಗಿಸಿಬಿಡಿ" ಅಂತ ಆಕೆ ಹೇಳದಿದ್ದರೆ ಯಾವುದೋ ಡೆಲಿವರಿ ಕೆಲಸಕ್ಕೆ ಸೇರಿರುತ್ತಿದ್ದೆ.

ಡಿ ಕೋರ್ಸ್ ಶುರುವಾದ ದಿನ ಕ್ಲಾಸ್‌ರೂಮಿನಲ್ಲಿ ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅರ್ಧದಷ್ಟು ಜನ ಇಪ್ಪತ್ತರ ಹರೆಯದವರು. ಲ್ಯಾಪ್‌ಟಾಪ್ ತಂದಿದ್ದರು, ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡುತ್ತಿದ್ದರು. ಕೆಲವರು ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. ಮೈದಾನಕ್ಕೆ ಇಳಿದರೆ ನಾನು ಮೇಲು, ಇಲ್ಲಿ ಅವರು ಮೇಲು ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ಎರಡನೇ ದಿನಕ್ಕೆ ಆ ಲೆಕ್ಕ ಬಿಟ್ಟುಹೋಯಿತು. ಅವರು ನನಗೆ ಸೆಷನ್ ಪ್ಲಾನಿನ ಚಿತ್ರ ಬರೆಯುವುದು ಹೇಳಿಕೊಟ್ಟರು, ನಾನು ಅವರಿಗೆ ಟ್ಯಾಕಲ್ ಮಾಡುವ ಗಳಿಗೆ ತೋರಿಸಿಕೊಟ್ಟೆ.

ಡಿಫೆಂಡರ್ ಆಗಿದ್ದವರು ಈ ಭಾಗವನ್ನು ನಿಧಾನವಾಗಿ ಓದಿ. ನಮ್ಮ ಇನ್‌ಸ್ಟ್ರಕ್ಟರ್ ನನ್ನನ್ನು ಎದ್ದು ನಿಲ್ಲಿಸಿ ಕೇಳಿದರು: "ಎದುರಿಗೆ ಚೆಂಡು ಇಟ್ಟುಕೊಂಡು ಒಬ್ಬ ಬರುತ್ತಿದ್ದಾನೆ. ನೀವು ಮೊದಲು ಏನು ಮಾಡುತ್ತೀರಿ?" ಸಾವಿರ ಸಲ ಮಾಡಿದ ಕೆಲಸ, ಬಾಯಿಗೆ ಬರಲಿಲ್ಲ. ಈಜು ಬಲ್ಲವನನ್ನು ದಡದ ಮೇಲೆ ನಿಲ್ಲಿಸಿ ಈಜುವುದು ಹೇಗೆ ಹೇಳು ಅಂದಂತಿತ್ತು. ಆ ರಾತ್ರಿ ಕೋಣೆಯಲ್ಲಿ ಎದ್ದು ನಿಂತು, ಖುರ್ಚಿಯನ್ನು ಫಾರ್ವರ್ಡ್ ಅಂದುಕೊಂಡು, ಮೈ ಏನೇನು ಮಾಡುತ್ತದೆ ಅಂತ ಒಂದೊಂದೇ ನೋಡಿ ಕನ್ನಡದಲ್ಲಿ ಬರೆದೆ. ಚೆಂಡು ಪಾಸಾಗಿ ಬರುತ್ತಿರುವಾಗಲೇ ಜೋರಾಗಿ ಓಡಿ ಅಂತರ ಕಡಿಮೆ ಮಾಡು. ಅವನ ಕಾಲಿಗೆ ಚೆಂಡು ಮುಟ್ಟುವ ಹೊತ್ತಿಗೆ ವೇಗ ಇಳಿಸು, ಹೆಜ್ಜೆ ಚಿಕ್ಕದು ಮಾಡು. ಎದೆ ನೇರ ಕೊಡಬೇಡ, ಅರ್ಧ ತಿರುಗಿ ನಿಲ್ಲು, ಒಂದು ಕಾಲು ಮುಂದೆ ಒಂದು ಹಿಂದೆ, ಮಂಡಿ ಸ್ವಲ್ಪ ಬಗ್ಗಿರಲಿ, ಭಾರ ಮುಂಗಾಲಿನ ಮೇಲೆ. ಒಂದು ತೋಳಿನಳತೆ ದೂರ. ಕಣ್ಣು ಚೆಂಡಿನ ಮೇಲೆ, ಅವನ ಭುಜದ ಮೇಲಲ್ಲ. ಅವನ ದುರ್ಬಲ ಕಾಲಿನ ಕಡೆಗೋ ಮೈದಾನದ ಅಂಚಿನ ಟಚ್‌ಲೈನ್ ಕಡೆಗೋ ದಾರಿ ಬಿಟ್ಟುಕೊಡು. ಕಾಯು. ಚೆಂಡು ಕಾಲಿನಿಂದ ಒಂದು ಗೇಣು ಜಾಸ್ತಿ ಮುಂದೆ ಹೋದ ಕ್ಷಣ ಹೋಗು.

ಮರುದಿನ ಇದನ್ನು ಓದಿದಾಗ ಇನ್‌ಸ್ಟ್ರಕ್ಟರ್ ಹೇಳಿದ್ದು, "ತುಂಬಾ ಚೆನ್ನಾಗಿದೆ. ಈಗ ಇದರಲ್ಲಿ ಒಂದನ್ನು ಮಾತ್ರ ಆರಿಸಿ. ಹತ್ತು ವರ್ಷದ ಮಗುವಿಗೆ ಒಂದು ಸೆಷನ್‌ಗೆ ಒಂದೇ ವಿಷಯ." ಕೋಚಿಂಗ್ ಅಂದರೇನು ಅಂತ ನನಗೆ ಹೊಳೆದದ್ದು ಆವಾಗಲೇ. ನಾವು ಡಿಫೆಂಡರ್‌ಗಳು ಇಡೀ ಪಂದ್ಯ ಕೂಗುತ್ತಾ ಆಡಿದವರು. 'ಮ್ಯಾನ್ ಆನ್', 'ಪುಶ್ ಅಪ್', 'ಎಡಗಡೆ ನೋಡು', 'ಬಿಡು ಬಿಡು'. ಇಡೀ ಮೈದಾನ ನಮ್ಮ ಮುಂದೆ ಕಾಣುತ್ತದೆ, ಕಂಡಿದ್ದನ್ನು ಹೇಳುವುದು ನಮ್ಮ ಕೆಲಸ. ಕೋಚ್‌ಗೂ ಅದೇ ಕಣ್ಣು ಬೇಕು, ಹಾಗಾಗಿ ಒಳ್ಳೆಯ ಡಿಫೆಂಡರ್ ಒಳ್ಳೆಯ ಕೋಚ್ ಆಗಬಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮಹೇಶ್ ಗಾವ್ಳಿ ಭಾರತ ತಂಡದ ಡಿಫೆನ್ಸ್‌ನಲ್ಲಿ ನಿಂತವರು, ಆಮೇಲೆ ಅದೇ ತಂಡದ ಸಹಾಯಕ ಕೋಚ್ ಆದರು. ನೌಷಾದ್ ಮೂಸಾ ಕೂಡ ಡಿಫೆಂಡರ್. ಬೆಂಗಳೂರು ಎಫ್‌ಸಿಯ ಬಿ ತಂಡವನ್ನು ಬೆಳೆಸುತ್ತಿದ್ದವರಿಗೆ 2021ರ ಜನವರಿಯಲ್ಲಿ ಹಂಗಾಮಿಯಾಗಿ ಮುಖ್ಯ ತಂಡದ ಹೊಣೆ ಬಂತು. ಆದರೆ ಬಾಯಿಯ ವಿಷಯ ಬೇರೆ. ಟಚ್‌ಲೈನ್‌ನಿಂದ ಪ್ರತಿ ಪಾಸ್‌ಗೂ ಕೋಚ್ ಕೂಗಿ ಹೇಳುತ್ತಿದ್ದರೆ ಮಗು ತಲೆ ಎತ್ತಿ ನೋಡುವುದನ್ನೇ ಕಲಿಯುವುದಿಲ್ಲ, ಕಿವಿಯಲ್ಲೇ ಆಡುತ್ತದೆ. ಯಾವಾಗ ಸೀಟಿ ಊದಿ ಆಟ ನಿಲ್ಲಿಸಬೇಕು, ಯಾವಾಗ ಆಟ ಓಡುತ್ತಿರುವಂತೆಯೇ ಒಂದು ಮಾತು ಹೇಳಬೇಕು, ಯಾವಾಗ ಸುಮ್ಮನಿರಬೇಕು: ಮಾರ್ಕು ಸಿಗುವುದೂ ಹೋಗುವುದೂ ಇದರಲ್ಲೇ.

ಮಕ್ಕಳ ರಕ್ಷಣೆ, ಪ್ರಥಮ ಚಿಕಿತ್ಸೆ, ವಯಸ್ಸಿಗೆ ತಕ್ಕ ಚೆಂಡಿನ ಅಳತೆ, ಚಿಕ್ಕ ಮೈದಾನದಲ್ಲಿ ಐದೈದು ಏಳೇಳು ಜನರ ಆಟ, ಇವೆಲ್ಲ ಡಿಯಲ್ಲಿ ಬರುತ್ತವೆ. ನಮ್ಮ ಕಾಲದಲ್ಲಿ ಎಂಟು ವರ್ಷದ ಹುಡುಗನೂ ಐದನೇ ಸೈಜಿನ ಚೆಂಡನ್ನು ದೊಡ್ಡವರ ಮೈದಾನದಲ್ಲಿ ಒದೆಯುತ್ತಿದ್ದ. ದಿನಕ್ಕೆ ನಾಲ್ಕು ಸಲ ಚೆಂಡು ಕಾಲಿಗೆ ಸಿಕ್ಕರೆ ಹೆಚ್ಚು. ಸಣ್ಣ ಆಟದಲ್ಲಿ ಎಷ್ಟು ಬಾರಿ ಮುಟ್ಟುತ್ತಾನೆ ಅಂತ ಕೂತು ಎಣಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಡಿ ಪಾಸಾಯಿತು, ಅಕಾಡೆಮಿಯಲ್ಲಿ ಸಹಾಯಕ ಕೋಚ್ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಮುಂಜಾನೆ ಒಂದು ಬ್ಯಾಚ್, ಸಂಜೆ ಎರಡು, ಮಧ್ಯಾಹ್ನ ಸುಮ್ಮನೆ ಸಮಯ ಹೋಗುತ್ತದೆ. ಮನೆ ದೂರ ಇದ್ದರೆ ಅದೂ ಇಲ್ಲ, ಟ್ರಾಫಿಕ್‌ನಲ್ಲೇ ಕಳೆಯುತ್ತದೆ. ಒಂದಿಡೀ ಮಳೆಗಾಲ ಸೆಷನ್‌ಗಳು ರದ್ದಾದಾಗ ಸಂಬಳವೂ ಕಡಿತವಾಯಿತು. ಕೆಲಸಕ್ಕೆ ಸೇರುವಾಗ ಮಳೆ ದಿನದ ಲೆಕ್ಕ ಹೇಗೆ ಅಂತ ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ.

ಇದೇ ಕಾಲದಲ್ಲಿ, 2023ರ ಮಾರ್ಚ್‌ನಲ್ಲಿ, ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಮೇಲೆ ಅದೇ ಮೊದಲು. ನಮ್ಮ ಬ್ಯಾಚಿನ ಮಕ್ಕಳಿಗೆ ಆ ಟ್ರೋಫಿಯ ಹೆಸರೇ ಗೊತ್ತಿರಲಿಲ್ಲ. ಆವತ್ತು ಅಭ್ಯಾಸ ಹದಿನೈದು ನಿಮಿಷ ತಡ ಮಾಡಿ, ಬೆಂಗಳೂರಿನ ಬೀದಿಗಳಿಂದ ಒಲಿಂಪಿಕ್ಸ್‌ವರೆಗೆ ಹೋದ ಆಟಗಾರರ ಕಥೆ ಹೇಳಿದೆ.

ಸಿ ಲೈಸೆನ್ಸ್‌ಗೆ ಅರ್ಜಿ ಹಾಕಲು ಡಿ ಆದ ಮೇಲೆ ನಿಗದಿತ ಅವಧಿ ಕೋಚಿಂಗ್ ಮಾಡಿರಬೇಕು, ಅದಕ್ಕೆ ಪತ್ರ ಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ನನ್ನ ಮಾತು ನಂಬಿ ಕೂರಬೇಡಿ, ಆಯಾ ಪ್ರಕಟಣೆಯನ್ನು ಕೊನೇ ಸಾಲಿನವರೆಗೆ ಓದಿ. ಶುಲ್ಕ ನನಗೆ ಡಿಗಿಂತ ಎರಡು ಪಟ್ಟಿಗೂ ಹೆಚ್ಚಾಯಿತು. ಅದರ ಜೊತೆ ಕೋರ್ಸ್ ನಡೆಯುವ ದಿನಗಳ ಸಂಬಳ ಹೋಗುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಒಂದು ಚೀಟಿ ಎತ್ತಿ ಕಟ್ಟಿದೆ. ಬೂಟು ಎರಡು ಜೊತೆ ಬೇಕು, ಟರ್ಫ್‌ಗೆ ಒಂದು, ಹುಲ್ಲಿಗೆ ಒಂದು. ಸೀಟಿ, ಸ್ಟಾಪ್‌ವಾಚ್, ನೀರಿಗೆ ಹೆದರದ ನೋಟ್‌ಬುಕ್ ಒಯ್ಯಿರಿ.

ನಮ್ಮ ಸಿ ಕೋರ್ಸ್ ಎರಡು ಕಂತಿನಲ್ಲಿ ನಡೆಯಿತು. ನಡುವೆ ನಮ್ಮ ನಮ್ಮ ತಂಡಗಳ ಜೊತೆ ಕೆಲಸ ಮಾಡಿ, ಪ್ರತಿ ಸೆಷನ್ನಿನ ಯೋಜನೆ ಮತ್ತು ಆಮೇಲಿನ ವಿಮರ್ಶೆಯನ್ನು ಲಾಗ್‌ಬುಕ್‌ನಲ್ಲಿ ಬರೆಯಬೇಕಿತ್ತು. ಅದನ್ನು ಅಂದಂದೇ ಬರೆಯಿರಿ. ನಾನು ಮೊದಲು ಕನ್ನಡದಲ್ಲಿ ಬರೆದು, ರಾತ್ರಿ ಮಗಳ ಸಹಾಯದಿಂದ ಇಂಗ್ಲಿಷ್‌ಗೆ ಇಳಿಸುತ್ತಿದ್ದೆ. "ಅಪ್ಪಾ, 'ಕವರ್' ಅಂದರೆ ಪುಸ್ತಕಕ್ಕೆ ಹಾಕೋದಾ?" ಅಂತ ಶುರುವಾದವಳು ಕೊನೆಗೆ ಪ್ರೆಷರ್, ಕವರ್, ಬ್ಯಾಲೆನ್ಸ್ ಅನ್ನೋ ಮೂವರು ಡಿಫೆಂಡರ್‌ಗಳ ಜಾಗವನ್ನು ಊಟದ ಮೇಜಿನ ಮೇಲೆ ಲೋಟ ಇಟ್ಟು ತೋರಿಸುವಷ್ಟು ಕಲಿತಳು. ಇಂಗ್ಲಿಷ್ ಭಯ ಇರುವವರಿಗೆ ಹೇಳುವುದಿಷ್ಟೇ: ಚಿತ್ರ ಸ್ಪಷ್ಟವಾಗಿರಲಿ, ವಾಕ್ಯ ಚಿಕ್ಕದಿರಲಿ. ಮೈದಾನದಲ್ಲಿ ನಾನು ಕನ್ನಡ, ತಮಿಳು, ಹಿಂದಿ ಬೆರೆಸಿಯೇ ಮಾತಾಡಿದೆ, ಯಾರೂ ಆಕ್ಷೇಪಿಸಲಿಲ್ಲ.

ನಿಯಮಗಳ ಪರೀಕ್ಷೆಯನ್ನು ಹಳೇ ಆಟಗಾರರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೇಡ. ನಾವು ಆಡುವಾಗ ಗೋಲ್ ಕಿಕ್ ಚೆಂಡು ಪೆನಾಲ್ಟಿ ಬಾಕ್ಸ್ ದಾಟಿದ ಮೇಲೆಯೇ ಇನ್ನೊಬ್ಬ ಮುಟ್ಟಬೇಕಿತ್ತು. 2019ರಿಂದ ಒದ್ದ ಚೆಂಡು ಕದಲಿದರೆ ಸಾಕು, ಬಾಕ್ಸ್ ಒಳಗೇ ಡಿಫೆಂಡರ್ ತೆಗೆದುಕೊಳ್ಳಬಹುದು. ಅದೇ ವರ್ಷದಿಂದ ಫ್ರೀ ಕಿಕ್ ತಡೆಯಲು ಮೂರು ಅಥವಾ ಹೆಚ್ಚು ಜನ ಗೋಡೆ ಕಟ್ಟಿದರೆ ಎದುರಾಳಿಗಳು ಆ ಗೋಡೆಯಿಂದ ಕನಿಷ್ಠ 1 ಮೀಟರ್ ದೂರ ನಿಲ್ಲಬೇಕು. 1992ರಲ್ಲಿ ಗೋಲಿ (ಗೋಲ್‌ಕೀಪರ್) ತನ್ನವರು ಕಾಲಿನಿಂದ ಕೊಟ್ಟ ಚೆಂಡನ್ನು ಕೈಯಲ್ಲಿ, ಅಂದರೆ ಬ್ಯಾಕ್‌ಪಾಸ್ ಹಿಡಿಯುವಂತಿಲ್ಲ ಅಂತಾದಾಗ ಡಿಫೆಂಡರ್‌ಗಳು ಪಾಸ್ ಮಾಡಲು ಕಲಿಯಲೇಬೇಕಾಯಿತು. ಈ ಗೋಲ್ ಕಿಕ್ ಬದಲಾವಣೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಈಗ ಸ್ಟಾಪರ್ ಬ್ಯಾಕ್ ಅಂದರೆ ಚೆಂಡನ್ನು ದೂರ ಒದ್ದು ಉಸಿರು ಬಿಡುವವನಲ್ಲ, ಆಟ ಶುರು ಮಾಡುವವನು.

ಅಂತಿಮ ಮೌಲ್ಯಮಾಪನದಲ್ಲಿ ನನಗೆ ಬಂದ ವಿಷಯವೂ ಅದೇ: ಹಿಂದಿನಿಂದ ಆಟ ಕಟ್ಟುವುದು. ಬಿಸಿಲು ಏರಿತ್ತು, ಹುಡುಗರು ಸುಸ್ತಾಗಿದ್ದರು, ಟರ್ಫ್ ಕಾದು ಬೂಟಿನೊಳಗೆ ಕಾಲು ಸುಡುತ್ತಿತ್ತು. ಗೋಲಿಯಿಂದ ಚೆಂಡು ಎಡ ಸ್ಟಾಪರ್‌ಗೆ ಬಂತು. ಅವನು ಎದೆ ಪೂರ್ತಿ ಗೋಲಿ ಕಡೆ ಮಾಡಿ ನಿಂತಿದ್ದರಿಂದ ಮುಂದೆ ಏನಿದೆ ಅಂತ ಕಾಣದೆ ವಾಪಸ್ ಕೊಟ್ಟ. ಎರಡನೇ ಸಲವೂ ಹಾಗೇ. ಮೂರನೇ ಸಲ ಸೀಟಿ ಊದಿದೆ, ಎಲ್ಲರೂ ಇದ್ದಲ್ಲೇ ನಿಂತರು. ಅವನ ಹತ್ತಿರ ಹೋಗಿ ಕೇಳಿದೆ, "ಈಗ ನಿನಗೆ ಎಷ್ಟು ಜನ ಕಾಣಿಸ್ತಾರೆ?" "ಇಬ್ಬರು, ಸರ್." ಅವನ ಸೊಂಟ ಹಿಡಿದು ಕಾಲು ಭಾಗ ತಿರುಗಿಸಿದೆ. "ಈಗ?" ಎಣಿಸಿ, "ಆರು ಜನ" ಅಂದ. ಅಷ್ಟೇ ಸಾಕು ಅಂತ ಹಿಂದೆ ಬಂದು ಆಟ ಬಿಟ್ಟೆ. ಮುಂದಿನ ಚೆಂಡನ್ನು ಅವನು ದೂರದ ಕಾಲಿನಲ್ಲಿ ತೆಗೆದುಕೊಂಡು ಮಿಡ್‌ಫೀಲ್ಡ್‌ಗೆ ಸೀಳಿ ಕೊಟ್ಟಾಗ, ನಾನು ಆಡುವಾಗ ಗೋಲ್‌ಲೈನ್ ಮೇಲೆ ಚೆಂಡು ತಡೆದರೂ ಆಗದಷ್ಟು ಖುಷಿಯಾಯಿತು. ಬಾಯಿ ತೆರೆದು 'ವೆಲ್ ಪ್ಲೇಡ್' ಅಂತ ಒಂದೇ ಸಲ ಹೇಳಿದೆ.

ಫಲಿತಾಂಶಕ್ಕೆ ತಿಂಗಳುಗಳೇ ಹಿಡಿದವು. ಅದರ ನಡುವೆ ಫೋನ್ ಮಾಡಿ ಪ್ರಯೋಜನವಿಲ್ಲ, ಇಮೇಲ್ ನೋಡುತ್ತಿರಿ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ನಮ್ಮ ಬ್ಯಾಚಿನ ಒಬ್ಬರ ಪತ್ರ ಅಲ್ಲೇ ಬಿದ್ದಿತ್ತು. ಒಂದು ಭಾಗದಲ್ಲಿ ಫೇಲಾದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ, ಮತ್ತೆ ಮೌಲ್ಯಮಾಪನಕ್ಕೆ ಅವಕಾಶ ಕೇಳಬಹುದು, ನಮ್ಮಲ್ಲಿ ಇಬ್ಬರಿಗೆ ಸಿಕ್ಕಿದೆ. ಲೈಸೆನ್ಸ್‌ಗೆ ಅವಧಿ ಇರುತ್ತದೆ ಅನ್ನುವುದನ್ನೂ ನೆನಪಿಡಿ. ಕಾರ್ಯಾಗಾರಗಳಿಗೆ ಹೋಗಿ ನವೀಕರಿಸುತ್ತಿರಬೇಕು. ಹೋದ ಕಾರ್ಯಾಗಾರದ ಪ್ರಮಾಣಪತ್ರ ಎಸೆಯಬೇಡಿ.

ಈಗ ಅಕಾಡೆಮಿಯವರು 15 ವರ್ಷದೊಳಗಿನವರ ತಂಡ ನನ್ನ ಕೈಗೆ ಕೊಟ್ಟಿದ್ದಾರೆ, ಸಂಬಳ ಸ್ವಲ್ಪ ಏರಿದೆ. ಬಿ ಲೈಸೆನ್ಸ್‌ಗೆ ಇನ್ನೂ ಅನುಭವದ ಅವಧಿ ಪೂರೈಸಬೇಕು, ಹೊಸ ಚೀಟಿಗೆ ಈ ತಿಂಗಳಿಂದ ಕಟ್ಟುತ್ತಿದ್ದೇನೆ. ನಮ್ಮ ಹಳೇ ಮ್ಯಾನೇಜರ್ ಬಳಿ ಇನ್ನೂ ಕೆಲವರ ದಾಖಲೆಗಳಿವೆ. ಆ ತಂಡದಲ್ಲಿ ಆಡಿದ ಯಾರಿಗಾದರೂ ಬೇಕಿದ್ದರೆ ನನಗೆ ಹೇಳಿ, ಅವರನ್ನು ಕೇಳಿ ಕರೆದುಕೊಂಡು ಹೋಗುತ್ತೇನೆ. ಅವರಿಗೆ ವಯಸ್ಸಾಗಿದೆ, ಬೆಳಿಗ್ಗೆ ಹತ್ತರ ಮೇಲೆ ಹೋದರೆ ಒಳ್ಳೆಯದು.